ಗುಂಡವ್ವನವರು ಬಿಟ್ಟ ಜಾಗ

ಉಸಿರೆಣಿಕೆಯ ಎಪ್ಪತ್ತನೆಯ ವರ್ಷ,
ಮಿಗಿಲು ತಿಂಗಳ ಮೂವತ್ತನಾಲ್ಕನೆಯ ದಿನ,
ಮೇಲ್ಕಟ್ಟೆ, ಭೀಮಾ ದಂಡೆ.

ಮಾನ್ಯ ಗುಂಡವ್ವ ಹೊಸಮನಿಯವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರುವುದಿಲ್ಲ, ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ನೀವು ಹೋಗಿ ಐದಾರು ತಲೆಮಾರು ಕಳೆದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಬದುಕಿರುವವರಿಗೆ ಹೀಗೆ ಮುಖಕ್ಕೆ ಹೇಳುವುದು ಮರ್ಯಾದೆಯಲ್ಲ, ಕ್ಷಮಿಸಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮವು ನನಗೆ ಎಷ್ಟು ವಿಚಿತ್ರವೋ ಅಷ್ಟೇ ಎಂದುಕೊಳ್ಳಿ. ಪತ್ರವನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಹೋದ ಒಂದು ಪತ್ರಕ್ಕೂ ಇದುವರೆಗೆ ಉತ್ತರ ಬಂದದ್ದಿಲ್ಲವಾದ್ದರಿಂದ ಅದರ ಮೇಲೂ ನನಗೆ ಅನುಮಾನವೇ.

ನನ್ನ ಹೆಸರು ನೀಲವ್ವ, ಸಾತವ್ವನ ಮಗಳು. ನನ್ನ ಕಸುಬು ಕಿವಿಗಾರಿಕೆ. ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ, ಅದರಲ್ಲಿರುವ ದನಿ ನಿಜವಾದ ಬಾಯಿಂದ ಬಂದದ್ದೋ ಹುಸಿಗೊರಳೋ ಎಂದು ಹೇಳುವ ಕೆಲಸ. ಹುಸಿಗೊರಳು ಎಂದರೆ ಯಂತ್ರ ಹೊಸೆದ ದನಿ. ನಿಮ್ಮ ಕಾಲದಲ್ಲಿ ಅದು ಆಟದ ಸಾಮಾನಾಗಿತ್ತಂತೆ. ನಮ್ಮ ಅಜ್ಜಂದಿರ ಕಾಲಕ್ಕೆ ಸತ್ತ ತಾಯಂದಿರು ಫೋನು ಮಾಡಿ ಮಕ್ಕಳ ಕೈಯಿಂದ ಹೊಲ ಬರೆಸಿಕೊಳ್ಳತೊಡಗಿದರು. ಅಂದಿನಿಂದ ನಮ್ಮವರು ದನಿಯನ್ನು ನಂಬುವುದನ್ನೇ ಬಿಟ್ಟರು. ಈಗ ಯಾರಾದರೂ ಬಾಗಿಲಿಗೆ ಬಂದರೆ ಕೂಗುವುದಿಲ್ಲ, ಕಿಂಡಿಯೊಳಗೆ ಕೈ ಚಾಚುತ್ತಾರೆ. ಒಳಗಿನವರು ಮುಟ್ಟಿ ನೋಡಿ ಅಗಳಿ ತೆಗೆಯುತ್ತಾರೆ. ಪಕ್ಕದ ಕೋಣೆಯಿಂದ ಗಂಡ ಕರೆದರೂ ನಾನು ಎದ್ದು ಹೋಗಿ ನೋಡಿಯೇ ಓಗೊಡುತ್ತೇನೆ. ಮದುವೆಯಾದ ಹೊಸತರಲ್ಲಿ ಅವರು ಇದನ್ನು ಪ್ರೀತಿ ಎಂದುಕೊಂಡಿದ್ದರು, ಪಾಪ.

ಇಷ್ಟು ಅನುಮಾನದ ಜನಕ್ಕೆ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಸಾವಿನ ಮನೆಯಲ್ಲಿ ನಾವು ಇಂದಿಗೂ ತತ್ವಪದ ಹಾಡುತ್ತೇವೆ, ನಿಮ್ಮ ಹಾಗೆಯೇ. ಆದರೆ ಒಬ್ಬ ಮನುಷ್ಯ ಎಂದಾದರೂ ಬಾಯಿಂದ ಹಾಡಿದ್ದೆಂದು ಖಾತ್ರಿಯಾದ ಪದವನ್ನು ಮಾತ್ರ. ಅದನ್ನು ಬಾಯಿಪದ ಎನ್ನುತ್ತೇವೆ. ಯಾರ ಎದೆಯಿಂದಲೂ ಬಾರದ ಹಾಡಿನಿಂದ ಒಬ್ಬರನ್ನು ಕಳಿಸಿಕೊಡುವುದು ನಮ್ಮಲ್ಲಿ ಹೆಣವನ್ನು ದಾರಿಯಲ್ಲಿಟ್ಟು ಬಂದಷ್ಟೇ ಕೆಟ್ಟದ್ದು. ಇಂತಹ ಪದಗಳು ನಮ್ಮ ಬಳಿ ಬಹಳ ಕಡಿಮೆ ಉಳಿದಿವೆ. ಹೀಗಿರುವಾಗ, ಹಳೆಯ ಧ್ವನಿಮುದ್ರಿಕೆಗಳನ್ನು ತುಂಬಿಟ್ಟ ಕೋಠಿಯೊಂದರಲ್ಲಿ ನಿಮ್ಮ ಆಲ್ಬಂ ಸಿಕ್ಕಿತು. ಹೆಸರು ‘ಒಬ್ಬಾಕಿ ಪದ’. ಹನ್ನೊಂದು ಹಾಡು, ಒಂದು ಕೈಯಲ್ಲಿ ಏಕತಾರಿ, ಇನ್ನೊಂದರಲ್ಲಿ ಚಿಟಿಕೆ, ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಮಾಡಿಕೊಂಡ ಮುದ್ರಣ.

ಅದೇ ಹೊತ್ತಿಗೆ ನನ್ನ ಅವ್ವ ಹಾಸಿಗೆ ಹಿಡಿದಳು. ಎದೆಯ ರೋಗ, ವೈದ್ಯರು ಕೈಚೆಲ್ಲಿದ್ದಾರೆ. ನಾನು ಕೆಲಸಕ್ಕೆಂದು ಹಾಕಿದ ಹಾಡುಗಳನ್ನು ಅವಳೂ ಮಲಗಿದಲ್ಲಿಂದ ಕೇಳಿದಳು. ಹನ್ನೊಂದನೆಯದು, ‘ಬಾಡಿಗಿ ಮನಿಯಾಕಿ, ಬೀಗ ಯಾತಕ ನಿನಗ’ ಎಂಬ ಪದ, ಅವಳ ಮನಸ್ಸಿಗೆ ಹಿಡಿಸಿಬಿಟ್ಟಿತು. ತಾನು ಹೋದಾಗ ಅದನ್ನೇ ಹಾಡಬೇಕೆಂದು ನನ್ನಿಂದ ಮಾತು ಕೇಳುತ್ತಿದ್ದಾಳೆ. ನಾನು ಇನ್ನೂ ಕೊಟ್ಟಿಲ್ಲ. ಕಿವಿಗಾರ್ತಿಯ ಮುದ್ರೆ ಬೀಳದ ಪದವನ್ನು ಹಾಡುವಂತಿಲ್ಲ, ಮುದ್ರೆ ಹಾಕಬೇಕಾದವಳು ನಾನೇ.

ನಿಜ ಹೇಳುತ್ತೇನೆ, ಮೊದಲ ದಿನದಿಂದಲೂ ನಿಮ್ಮ ಮೇಲೆ ನನಗೆ ನಂಬಿಕೆ ಬಂದಿರಲಿಲ್ಲ. ಶುರುವಿನಲ್ಲೇ ನೀವು, “ನಾ ಗುಂಡವ್ವ ಹೊಸಮನಿ. ನಮ್ಮ ಮನ್ಯಾಗ ಕುಂತು ಹಾಡಾಕತ್ತೀನಿ. ಯಾರೂ ಇಲ್ಲ, ಒಬ್ಬಾಕಿನೇ ಅದೀನಿ,” ಅನ್ನುತ್ತೀರಿ. ಯಾರೂ ಕೇಳದೆಯೇ ‘ಯಾರೂ ಇಲ್ಲ’ ಎನ್ನುವವರು ನಮ್ಮ ಕಾಲದಲ್ಲಿ ಸಾಮಾನ್ಯವಾಗಿ ಯಾರನ್ನೋ ಬಚ್ಚಿಟ್ಟಿರುತ್ತಾರೆ. ಅದಕ್ಕೆ ಸರಿಯಾಗಿ ಮೊದಲ ಹತ್ತು ಹಾಡುಗಳಲ್ಲೂ ಒಂದು ತೂತು. ನೀವು ಪಲ್ಲವಿಯ ಸೊಲ್ಲು ಹಾಡುತ್ತೀರಿ, ಆಮೇಲೆ ದನಿ ನಿಲ್ಲುತ್ತದೆ, ಏಕತಾರಿ ಮಾತ್ರ ನಡೆಯುತ್ತದೆ, ಆ ಸೊಲ್ಲನ್ನು ಇನ್ನೊಮ್ಮೆ ಹಾಡಬಹುದಾದಷ್ಟು ಹೊತ್ತು ಏನೂ ಇಲ್ಲ. ಬಳಿಕ ಮುಂದಿನ ನುಡಿ ಎತ್ತಿಕೊಳ್ಳುತ್ತೀರಿ. ನಾನು ಅಂದುಕೊಂಡದ್ದು ಇಷ್ಟು: ಜೊತೆಗೆ ನಾಲ್ಕಾರು ಜನ ಹಾಡಿದ್ದಾರೆ, ಹೆಸರೆಲ್ಲ ತನಗೊಬ್ಬಳಿಗೇ ಬರಲಿ ಎಂದು ಈ ಹೆಂಗಸು ಅವರ ದನಿಯನ್ನು ಅಳಿಸಿ ಹಾಕಿದ್ದಾಳೆ. ಜೊತೆಯವರನ್ನು ಅಳಿಸುವವಳು ತನ್ನ ಕೊರಳನ್ನೂ ಹೊಸೆಯದೆ ಬಿಟ್ಟಾಳೆಯೇ?

ನನ್ನ ಜೊತೆಗಾರ ಬಸಣ್ಣನಿಗೆ ಬೇರೆಯೇ ಚಿಂತೆ. ನಾಲ್ಕನೆಯ ಹಾಡಿನಲ್ಲಿ ಸುಂಯ್ ಎಂದು ಏರುವ ಒಂದು ಚೂಪು ಸದ್ದಿದೆ. ಅದು ಕಳೆದುಹೋದ ಯಾವುದೋ ಗಾಳಿವಾದ್ಯವೆಂದು ಅವನು ಪುಟಗಟ್ಟಲೆ ಬರೆದ. ಹಳೆಯ ಸದ್ದುಗಳ ಕೋಶ ತಿರುವಿ ನೋಡಿದರೆ ಅದು ಕುಕ್ಕರ್ ಎಂಬ ಅಡುಗೆ ಪಾತ್ರೆಯ ಸೀಟಿ. ಬಸಣ್ಣ ಎರಡು ದಿನ ನನಗೆ ಮುಖ ತೋರಿಸಲಿಲ್ಲ. ಆದರೆ ಆ ಸೀಟಿಯೇ ನನ್ನ ವಾದಕ್ಕೆ ಪೆಟ್ಟು ಕೊಟ್ಟಿತು. ಅದು ನಿಮ್ಮ ಸೊಲ್ಲಿನ ಕೊನೆಯಲ್ಲಿ ಎದ್ದು, ಆ ತೂತಿನ ಉದ್ದಕ್ಕೂ ಕೂಗಿ, ಮುಂದಿನ ನುಡಿಯೊಳಗೆ ಇಳಿಯುತ್ತದೆ. ನಡುವೆ ಎಲ್ಲೂ ಕಡಿದಿಲ್ಲ. ಜನರ ದನಿ ಅಳಿಸಿದ್ದರೆ ಸೀಟಿಗೂ ಗಾಯವಾಗಬೇಕಿತ್ತು. ಹಾಗಾದರೆ ಆ ಹೊತ್ತಿನಲ್ಲಿ ಮನೆಯಲ್ಲಿ ನಿಜವಾಗಿಯೂ ಯಾರೂ ಹಾಡಿಲ್ಲ. ಮತ್ತೆ ನೀವು ಸುಮ್ಮನೆ ಕುಳಿತದ್ದೇಕೆ? ನನ್ನ ಅನುಮಾನ ಕರಗಲಿಲ್ಲ, ಮಗ್ಗುಲು ಬದಲಿಸಿತು.

ಉತ್ತರ ಸಿಕ್ಕಿದ್ದು ಅವ್ವನಿಂದ. ಆ ತೂತನ್ನೇ ಮತ್ತೆ ಮತ್ತೆ ಕೇಳುತ್ತ ಕುಳಿತಿದ್ದೆ. ನೀವು ನಿಲ್ಲಿಸಿದಿರಿ. ಹಾಸಿಗೆಯಿಂದ ಅವ್ವ, ತನ್ನ ಒಡಕು ದನಿಯಲ್ಲಿ, ಆ ಸೊಲ್ಲನ್ನು ಹಿಡಿದು ತಿರುಗಿ ಹಾಡಿದಳು. ಅವಳು ಮುಗಿಸಿದಳು, ನೀವು ಎತ್ತಿಕೊಂಡಿರಿ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆ ಇಲ್ಲ. ನಾನು ದಂಗಾಗಿ ನೋಡಿದೆ.

“ಏನ್ ನೋಡ್ತಿ? ಆಕಿ ನಮ್ಮ ದಾರಿ ಕಾಯಾಕತ್ತಾಳ,” ಅಂದಳು ಅವ್ವ. “ಮುಂದಿನಾಕಿ ಅಂದ ಮ್ಯಾಲ ಹಿಂದಿನವ್ರಿಗೆ ಜಾಗಾ ಬಿಡಬೇಕಲ್ಲವಾ. ಮನ್ಯಾಗ ಯಾರೂ ಇಲ್ಲಂತ ಬಾಯಿಲೆ ಹೇಳ್ಯಾಳ, ಕೊರಳಿಗೆ ಅದು ತಿಳಿದಿಲ್ಲ.”

ಆಗ ನನಗೆ ಅರ್ಥವಾಯಿತು. ವರ್ಷಗಟ್ಟಲೆ ಮೇಳದ ಮುಂದೆ ಕುಳಿತು ಹಾಡಿದವರು ನೀವು. ನೀವು ಸೊಲ್ಲು ಕೊಟ್ಟರೆ ಹಿಂದಿನವರು ತಿರುಗಿ ಹಾಡುತ್ತಾರೆ, ಆ ಹೊತ್ತಿನಲ್ಲಿ ನೀವು ಉಸಿರು ತೆಗೆದುಕೊಳ್ಳುತ್ತೀರಿ. ಒಬ್ಬರೇ ಹಾಡಲು ಕುಳಿತಾಗಲೂ ರೂಢಿ ತಪ್ಪಲಿಲ್ಲ. ಸೋಲೋ ಆಲ್ಬಂ ಮಾಡಲು ಹೊರಟವರು ಮಾಡಬಾರದ ತಪ್ಪು ಇದು, ಅದಕ್ಕೇ ನಾನು ನಿಮ್ಮನ್ನು ನಂಬಿದೆ. ಹುಸಿಗೊರಳು ಯಾರಿಗಾಗಿಯೂ ಕಾಯುವುದಿಲ್ಲ. ಹತ್ತು ಹಾಡಿಗೂ ಬಾಯಿಪದವೆಂದು ಮುದ್ರೆ ಒತ್ತಿದೆ. ಒತ್ತುವಾಗ ಅತ್ತುಬಿಟ್ಟೆ, ಅದನ್ನೇನು ಮುಚ್ಚಿಡಲಿ.

ಹನ್ನೊಂದನೆಯದಕ್ಕೆ ಒತ್ತಲಾಗಲಿಲ್ಲ. ಅದರಲ್ಲಿ ಆ ಜಾಗವಿಲ್ಲ. ಸೊಲ್ಲಿನ ಹಿಂದೆಯೇ ನುಡಿ, ನುಡಿಯ ಹಿಂದೆಯೇ ಸೊಲ್ಲು. ನೀವು ಉಸಿರು ಎಳೆದದ್ದೇ ಕೇಳುವುದಿಲ್ಲ. ಹೊರಗಿನ ಸದ್ದೂ ಇಲ್ಲ. ಒಂದೋ ಯಾರೋ ಬುದ್ಧಿವಂತರು ನಿಮ್ಮ ಹತ್ತು ಹಾಡು ಕೇಳಿ, “ನಡುವ ಖಾಲಿ ಖಾಲಿ ಕೇಳಸ್ತೈತಿ, ಕತ್ತರಿಸೂಣು” ಎಂದು ಇದೊಂದನ್ನು ನುಣ್ಣಗೆ ಮಾಡಿದ್ದಾರೆ. ಇಲ್ಲವೇ ಇದನ್ನು ನೀವು ಹಾಡಿಯೇ ಇಲ್ಲ, ನಿಮ್ಮ ಹೆಸರಿನಲ್ಲಿ ಯಾವುದೋ ಯಂತ್ರ ಹಾಡಿದೆ. ಎರಡರಲ್ಲಿ ಯಾವುದೆಂದು ನನ್ನ ಕಿವಿಗೆ ತಿಳಿಯುತ್ತಿಲ್ಲ. ಅವ್ವನ ಮುಖ ನೋಡಿ ಸುಳ್ಳು ಮುದ್ರೆ ಒತ್ತಲು ಎರಡು ಸಲ ಕೈ ಎತ್ತಿದೆ, ಇಳಿಸಿದೆ. ಅವಳಿಗೂ ಗೊತ್ತು. “ಖರೇ ಇದ್ರ ಅಷ್ಟ ಹಾಡ್ರಿ,” ಅನ್ನುತ್ತಾಳೆ, ಮತ್ತೆ ಗೋಡೆಯ ಕಡೆ ಹೊರಳುತ್ತಾಳೆ.

ಹಿಂದಂಚೆಯವರ ಲೆಕ್ಕದ ಪ್ರಕಾರ ಈ ಪತ್ರ ನಿಮ್ಮ ಕೈ ಸೇರುವಾಗ ಹತ್ತು ಹಾಡು ಮುಗಿದು ಹನ್ನೊಂದನೆಯದು ಬಾಕಿ ಇರುತ್ತದೆ. ಅವರ ಲೆಕ್ಕವನ್ನು ನಾನು ನಂಬುವುದಿಲ್ಲ, ಆದರೂ ಕೇಳುತ್ತೇನೆ. ಆ ಪದವನ್ನು ನೀವೇ ಹಾಡಿ. ಸೊಲ್ಲು ಕೊಟ್ಟು ಎಂದಿನಂತೆ ನಿಲ್ಲಿಸಿ. ಖಾಲಿ ಇದೆ, ಚೆನ್ನಾಗಿ ಕೇಳಿಸುವುದಿಲ್ಲ ಎಂದು ಯಾರೇ ಹೇಳಲಿ, ಮೊಬೈಲನ್ನು ಅವರ ಕೈಗೆ ಕೊಡಬೇಡಿ. ಅಲ್ಲಿ ಯಾರೂ ಇಲ್ಲವೆಂದು ನೀವು ಅಂದುಕೊಂಡಿದ್ದೀರಿ. ನಾವಿದ್ದೇವೆ. ನಮ್ಮ ಸರದಿ ಬರಲೆಂದು ಕಾದಿದ್ದೇವೆ.

ಬೆಳಗಾದ ಮೇಲೆ ಹನ್ನೊಂದನೆಯ ಹಾಡನ್ನು ಇನ್ನೊಮ್ಮೆ ಹಾಕುತ್ತೇನೆ. ಈ ಪತ್ರ ನಿಮಗೆ ಮುಟ್ಟಿದ್ದರೆ ನಮ್ಮಲ್ಲಿರುವ ಮುದ್ರಣದಲ್ಲೂ ಆ ಜಾಗ ಬಂದಿರಬೇಕು. ನೀವು ನಿಲ್ಲಿಸಿದರೆ, ಅವ್ವ ಇನ್ನೂ ಕೇಳುವಂತಿರುವಾಗಲೇ ಸೊಲ್ಲನ್ನು ನಾನು ಹಿಡಿಯುತ್ತೇನೆ.

ಇಂತು,
ಸಾತವ್ವನ ಮಗಳು ನೀಲವ್ವ