ರಾಹುಕಾಲಕ್ಕೆ ಮೊದಲು ಕತ್ತರಿಸಿದ ಡಿಸ್ಕ್

ರಾಯದುರ್ಗ
15 ನವೆಂಬರ್ 2025, ಶನಿವಾರ

ಪ್ರೀತಿಯ ತಮ್ಮ ಕಿರಣ,

ಹೇಗಿದ್ದೀಯೋ? ಬೂಟಿನ ಗಾಯ ಮಾಯಿತೇ? ಸೈನ್ಯದ ತರಬೇತಿಯಲ್ಲಿ ಹೊಟ್ಟೆ ಕಟ್ಟಬೇಡ. ಎರಡನೇ ಸಲ ಅನ್ನ ಕೇಳಲು ನಾಚಿ ಎದ್ದುಬಿಡುವ ಹುಡುಗ ನೀನು. ಅಪ್ಪ ಆರಾಮಾಗಿದ್ದಾರೆ. ಕೈ ನಡುಕ ಮಾತ್ರ ಹಾಗೇ ಇದೆ, ಟೀ ಲೋಟ ಅರ್ಧವೇ ತುಂಬಿಸಿ ಕೊಡುತ್ತೇನೆ.

ಇದು ಫೋನಿನಲ್ಲಿ ಹೇಳುವ ವಿಷಯ, ಆದರೆ ಅಲ್ಲಿ ನಿಮ್ಮ ಫೋನು ತೆಗೆದಿಟ್ಟಿದ್ದಾರಲ್ಲ. ಕೋಪ ಮಾಡಿಕೊಳ್ಳದೆ ಓದು. ನಮ್ಮ ಜೀನ್ಸ್ ಹೊಲಿಗೆ ಶೆಡ್ಡಿನ ಕಂಪ್ಯೂಟರ್ ಒಂದು ವಾರದಿಂದ ಕಿರ್‌ಕಿರ್ ಎನ್ನುತ್ತಿತ್ತು. ಡಿಸ್ಕ್ ಕೆಡುವ ಮೊದಲೇ ನಕಲು ಮಾಡೋಣವೆಂದು ಹೊಸದೊಂದು ತರಿಸಿದೆ. ಹಳೆಯದು ಐನೂರು ಜಿಬಿ, ಹೊಸದು ನಾನೂರ ಎಂಬತ್ತು. ಹಾಗಾಗಿ ಹಳೆಯದರ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಗಡಿ ಹಾಕಿಟ್ಟ ಜಾಗ, ಚಿಕ್ಕದು ಮಾಡಬೇಕಿತ್ತು. ಮೊದಲು ಒಳಗೆ ಫೈಲುಗಳನ್ನು ಜೋಡಿಸಿಟ್ಟ ಫೈಲ್ ಸಿಸ್ಟಮ್ ಕುಗ್ಗಿಸು, ಆಮೇಲೆ ಪಾರ್ಟಿಷನ್ನಿನ ಗಡಿ ಸರಿಸು ಎಂದು ನೀನೇ ಚೀಟಿಯಲ್ಲಿ ಬರೆದಿಟ್ಟಿದ್ದೆ. ಬಿಟ್ಟುಕೊಡುವ ತುದಿಯ ಶೇಂಗಾ ಕಿತ್ತುಕೊಂಡ ಮೇಲೆ ಹೊಲದ ಬದು ಸರಿಸಿದ ಹಾಗೆ. ಗೊತ್ತಿತ್ತೋ, ನನಗೆ ಎಲ್ಲಾ ಗೊತ್ತಿತ್ತು.

ನಿನ್ನೆ ಶುಕ್ರವಾರ. ಅಪ್ಪ ಊದುಬತ್ತಿ ಹಿಡಿದು, "ಹತ್ತೂವರಿಗೆ ರಾಹುಕಾಲ ಬರ್ತೈತವಾ, ಅದಕ್ಕ ಮೊದ್ಲು ಒಂದೀಟು ಕೈ ಹಚ್ಚಿಬಿಡು" ಎಂದು ತಲೆಯ ಮೇಲೆ ನಿಂತರು. ಹೊಸ ಬಟ್ಟೆಯ ಥಾನಿಗೂ ರಾಹುಕಾಲಕ್ಕೆ ಮೊದಲು ಕತ್ತರಿ ತಾಕಿಸಿಟ್ಟು, ಮಿಕ್ಕಿದ್ದನ್ನು ಮಧ್ಯಾಹ್ನ ಕತ್ತರಿಸುವ ಜನ ನಾವು! ಗಡಿಯಾರದಲ್ಲಿ ಹತ್ತು ಇಪ್ಪತ್ತಾರು. ಕುಗ್ಗಿಸಲು ಒಂದು ಗಂಟೆ ಬೇಕು, ಗಡಿ ಸರಿಸಲು ಒಂದು ನಿಮಿಷ ಸಾಕು. ಶಾಸ್ತ್ರಕ್ಕೆಂದು ನಿಮಿಷದ ಕೆಲಸವನ್ನೇ ಮೊದಲು ಮಾಡಿ, ಸೇವ್ ಒತ್ತಿ, ಕೈ ಮುಗಿದೆ. ಹನ್ನೆರಡಕ್ಕೆ ಮತ್ತೆ ಚಾಲು ಮಾಡಿದರೆ, ಫೈಲ್ ಸಿಸ್ಟಮ್ ದೊಡ್ಡದಿದೆ, ಜಾಗ ಚಿಕ್ಕದಿದೆ, ತೆರೆಯಲಾಗದು ಎಂದಿತು.

ಅದರೊಳಗೆ ಅಪ್ಪ ಮೂವತ್ತು ವರ್ಷ ಕೈಯಾರೆ ಕತ್ತರಿಸಿದ ಪ್ಯಾಂಟಿನ ಪ್ಯಾಟರ್ನುಗಳಿವೆ. ಸ್ಕ್ಯಾನ್ ಆದ ಮೇಲೆ, ಗೆದ್ದಲು ಹಿಡಿದಿವೆ ಎಂದು ಆ ರಟ್ಟುಗಳನ್ನು ಒಲೆಗೆ ಹಾಕಿದವಳು ನಾನೇ. ಇನ್ನೊಂದು ಪ್ರತಿ ಇಟ್ಟುಕೋ ಎಂದು ನೀನು ಹತ್ತು ಸಲ ಹೇಳಿದ್ದೆ, ನಾನು ಕೇಳಲಿಲ್ಲ. ರಿಪೇರಿಯ ಮಾರೇಶ ಬಂದು, "ಫಾರ್ಮ್ಯಾಟ್ ಹೊಡೆದ್ರ ಆತ್ರಿ ಅಕ್ಕಾ" ಅಂದ. ಎಲ್ಲವನ್ನೂ ಅಳಿಸಲು ಹೊರಟಿದ್ದ ಅವನ ಕೈಯಿಂದ ಮೌಸ್ ಕಿತ್ತುಕೊಂಡು, ಟೀ ಕುಡಿಸಿ ಕಳಿಸಿದೆ. ಪರದೆಯ ಸಂದೇಶದಲ್ಲೇ ಫೈಲ್ ಸಿಸ್ಟಮಿನ ಅಳತೆ ಇದೆ: 122096384 ಬ್ಲಾಕು. ಬ್ಲಾಕಿಗೆ ಎಂಟು ಸೆಕ್ಟರಿನಂತೆ ಅದನ್ನು ಎಂಟರಿಂದ ಗುಣಿಸಿ, ಪಾರ್ಟಿಷನ್ ಶುರುವಾಗುವ 2048 ಕೂಡಿಸಿ, ಒಂದು ಕಳೆದರೆ ಹಳೆಯ ಗಡಿ 976773119. ಗಡಿಯನ್ನು ಅಲ್ಲಿಗೇ ವಾಪಸ್ ಇಟ್ಟರೆ ಎಲ್ಲವೂ ಇದ್ದ ಹಾಗೇ ಸಿಗಬೇಕು, ಏಕೆಂದರೆ ಆಮೇಲೆ ಅದರಲ್ಲಿ ಏನನ್ನೂ ಬರೆದಿಲ್ಲ. ಹೌದೇನೋ? ಲೆಕ್ಕ ಸರಿಯೇ? ಕಿರ್‌ಕಿರ್ ಎನ್ನುವ ಡಿಸ್ಕ್ ನನ್ನ ಎರಡನೇ ತಪ್ಪನ್ನು ತಾಳುತ್ತದೋ ಇಲ್ಲವೋ. ಭಯವಾಗುತ್ತಿದೆ. ನೀನು ಹೂಂ ಅನ್ನುವವರೆಗೆ ವೈರು ಕಿತ್ತಿಟ್ಟಿದ್ದೇನೆ.

ಅಪ್ಪ ವಿಭೂತಿ ಪೊಟ್ಟಣ ಕೊಟ್ಟಿದ್ದಾರೆ, ಹಚ್ಚಿಕೋ. ಜೊತೆಯ ಹುಡುಗರಿಗೆಲ್ಲ ಅಕ್ಕ ಕೇಳಿದಳೆಂದು ಹೇಳು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ವಿದ್ಯಾಶ್ರೀ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದು ಕಂಪ್ಯೂಟರ್ ಯಾಕೆ ಬಂದ್ ಆಗಿದೆ ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ. ಅಪ್ಪ ಬೈಯಲಿಲ್ಲ, ಕಿರಣ. ಕಟಿಂಗ್ ಮೇಜಿನ ಮೇಲೆ ಹಳೆಯ ಪೇಪರ್ ಹರಡಿ, "ಮೂವತ್ನಾಕು ಸೊಂಟದ್ದು ನನಗ ನೆಪ್ಪೈತಿ ಬಿಡು" ಎಂದು ಕತ್ತರಿ ತೆಗೆದುಕೊಂಡಿದ್ದಾರೆ. ಮೂರು ಹಾಳೆ ಕೆಟ್ಟವು. ಈಗ ನಾಲ್ಕನೆಯದು. ಹತ್ತಿರ ಬರಬೇಡ ಅಂದಿದ್ದಾರೆ. ಬೇಗ ಬರೆ.