ರುದ್ರಮ್ಮ ಕೂತಿರುವ ಜಾಗ ಖಾಲಿಯಲ್ಲ

ಹೆದ್ದಾರಿಯ ಹೊಣೆ ಹೊತ್ತ ಮಾನ್ಯ ಸಚಿವರೇ,

ತಾವು ಕಳೆದ ವಾರ ವಿಧಾನಸಭೆಯಲ್ಲಿ ಖಾಲಿ ಜಾಗ ಎಂದು ಕರೆದ ನೆಲದಲ್ಲಿ ನನ್ನ ಹೆಂಡತಿಯ ಸಮಾಧಿಯಿದೆ. ಪೀಣ್ಯದಾಚೆ ಹೊಸ ರಾಷ್ಟ್ರೀಯ ಹೆದ್ದಾರಿ ಎಲ್ಲಿಂದ ಹಾಯಬೇಕೆಂಬ ಚರ್ಚೆಗೆ ಉತ್ತರಿಸುತ್ತಾ, "ಮಧ್ಯದಲ್ಲಿರುವುದು ಖಾಲಿ ಜಾಗ, ಅಲ್ಲಿ ಹೋದರೆ ಯಾರಿಗೂ ತೊಂದರೆಯಿಲ್ಲ" ಎಂದಿರಿ. ಎರಡೂ ಕಡೆಯ ಸದಸ್ಯರು ಮೇಜು ಕುಟ್ಟಿದರು. ನಾನು ಮೇಲೆ ಗ್ಯಾಲರಿಯಲ್ಲಿದ್ದೆ.

ಲಗ್ಗೆರೆಯ ನನ್ನ ಪಕ್ಕದ ಮನೆಯ ಸಂಗಮೇಶ್ ಯಾರನ್ನೋ ಹಿಡಿದು ಪಾಸು ಕೊಡಿಸಿದ್ದ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಸವೆಸಿ ನಿವೃತ್ತನಾದ ನಾನು ಸದನ ಕಂಡದ್ದು ಅದೇ ಮೊದಲು. ಎಂಥ ವಾಗ್ವಾದ! ರಸ್ತೆ ಎಡಕ್ಕೆ ಹೋದರೆ ಕಾರ್ಖಾನೆಗಳ ಕಾಂಪೌಂಡು ಒಡೆಯಬೇಕು, ಉದ್ಯಮ ಹಾಳಾಗುತ್ತದೆ ಎಂದ ಒಬ್ಬರು ಕಣ್ಣೀರು ಹಾಕುವುದೊಂದು ಬಾಕಿ. ಬಲಕ್ಕೆ ಹೋದರೆ ಹೊಸ ಬಡಾವಣೆಯ ಸೈಟುಗಳು ಹೋಗುತ್ತವೆ ಎಂದು ಇನ್ನೊಬ್ಬರು ತೋಳೇರಿಸಿದರು. ಆ ಸೈಟುಗಳು ಯಾರ ಹೆಸರಿನಲ್ಲಿವೆ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ. ಬೆಳಗಿನಿಂದ ಕಿತ್ತಾಡಿದವರು, ಮಧ್ಯದಲ್ಲಿ ಹೋಗೋಣ ಎಂದು ತಾವು ಹೇಳಿದ ಕೂಡಲೇ ಅಣ್ಣತಮ್ಮಂದಿರಾದರು. ನಾನು ಎದ್ದು ನಿಂತು, "ಸ್ವಾಮೀ, ಅಲ್ಲಿ ನಮ್ಮಾಕಿ ಅದಾಳ್ರೀ" ಎಂದೆ. ಕಾವಲಿನವರೊಬ್ಬರು ಬಂದು ತೋಳು ಹಿಡಿದರು. "ತಾತ, ಇಲ್ಲಿ ಮಾತಾಡಂಗಿಲ್ಲ. ಸುಮ್ನೆ ಕೂತ್ಕೊಳಿ, ಇಲ್ಲಾಂದ್ರೆ ಆಚೆ ಕಳಿಸ್ಬೇಕಾಗುತ್ತೆ." ಮಾತಾಡುವುದಕ್ಕೆಂದೇ ಇಷ್ಟು ದೊಡ್ಡ ಕಟ್ಟಡ ಕಟ್ಟಿದ್ದಾರಲ್ಲ, ಯಾರಿಗಾಗಿ ಎಂದು ಯೋಚಿಸುತ್ತಾ ಕೂತೆ.

ರಸ್ತೆಗೆ ನೆಲ ಅಳೆದ ತಮ್ಮ ಅಳತೆಯವರನ್ನು ನಾನು ಪೂರ್ತಿ ದೂರುವುದಿಲ್ಲ. ನಾವು ಹಾವೇರಿ ಕಡೆಯ ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ; ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಊರಲ್ಲಾದರೆ ಸ್ವಂತ ಹೊಲದಲ್ಲಿ. ಇಲ್ಲಿ ಕೆಲಸಕ್ಕೆಂದು ಬಂದ ನಮ್ಮ ಕಡೆಯ ನಾಲ್ಕಾರು ಮನೆಗಳವರೆಲ್ಲ ಬಾಡಿಗೆ ಕೋಣೆಯವರು, ಹೊಲವೆಲ್ಲಿ? ನಮ್ಮವರಲ್ಲಿ ಮೊದಲ ಸಾವಾದಾಗ ಪಕ್ಕದ ಹಳ್ಳಿಯ ಚಿಕ್ಕಬೈರಪ್ಪನವರು ತಮ್ಮ ಜಮೀನಿನ ಮೂಲೆ ತೋರಿಸಿ, "ಇಲ್ಲೇ ಮಾಡ್ಕಳಿ ಸ್ವಾಮಿ, ಮಣ್ಣಿಗೇನ್ ಬರ ಬಂದೈತಾ" ಎಂದರು. ನನ್ನ ರುದ್ರಮ್ಮ ಹಾಸಿಗೆ ಹಿಡಿದಾಗ, "ಮ್ಯಾಲೆ ಕಲ್ಲು ಹಾಕ್ಸಬ್ಯಾಡ್ರಿ, ಭಾರ ಆಗ್ತೈತಿ. ಒಂದು ಪತ್ರಿ ಗಿಡ ಹಚ್ರಿ, ಸಾಕು" ಅಂದಿದ್ದಳು. ಹಚ್ಚಿದೆ. ನಮ್ಮ ಕಡೆಯ ಉಳಿದವರೂ ತಮ್ಮವರ ಮೇಲೆ ಬಿಲ್ವಪತ್ರೆಯನ್ನೇ ನೆಟ್ಟರು. ಅಳತೆಯವರು ಬಂದಾಗ ಕಟ್ಟೆಯಿಲ್ಲ, ಕಲ್ಲಿಲ್ಲ, ಹೆಸರಿಲ್ಲ, ಒಂದಿಷ್ಟು ಗಿಡಗಳಿವೆ. ತೋಟವಿರಬೇಕು ಎಂದುಕೊಂಡು ಹೋದರು. ಬುಡದಲ್ಲಿ ಕೂತವರನ್ನು ಯಾರು ವಿಚಾರಿಸಬೇಕು? ತಮ್ಮ ಸದನದವರಿಗಿಂತ ಶಿಸ್ತಾಗಿ ಕೂತಿದ್ದಾರೆ ಸ್ವಾಮಿ, ಕಲಾಪಕ್ಕೆ ಒಮ್ಮೆಯೂ ಅಡ್ಡಿ ಮಾಡಿದವರಲ್ಲ.

ಆ ಉಳಿದ ಮನೆಗಳವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಚಿಕ್ಕಬೈರಪ್ಪನವರೂ ತೀರಿಕೊಂಡರು. ನಮಗೆ ಮಕ್ಕಳಿಲ್ಲ. ಪ್ರತಿ ಸೋಮವಾರ ನಾನು ಕೊಡ ಹೊತ್ತು ಹೋಗಿ ಗಿಡಕ್ಕೆ ನೀರು ಹಾಕಿ, ಅವಳಿಗೆ ವಾರದ ಸುದ್ದಿ ಹೇಳಿ ಬರುತ್ತೇನೆ. ಬೇಳೆ ತುಟ್ಟಿಯಾಗಿದೆ, ಓಣಿಗೆ ನಲ್ಲಿ ಬಂತು, ಮಂಡಿ ನೋಯುತ್ತದೆ, ಇಂಥವೇ. ತಾವು ನಗಬಹುದು. ಮಿಕ್ಕ ದಿನಗಳಲ್ಲಿ ನಾನು ಬಾಯಿ ಬಿಡುವುದು ಹಾಲಿನವನ ಹತ್ತಿರ ಮಾತ್ರ. ಈ ಸೋಮವಾರವೂ ಹೋಗಿದ್ದೆ. ಸದನದ ಸುದ್ದಿ ಹೇಗೆ ಹೇಳಲಿ? ನೀರು ಹಾಕಿ ಸುಮ್ಮನೆ ಬಂದುಬಿಟ್ಟೆ. ಅವಳು ಹೋದ ದಿನವೂ ನನಗೆ ಇಷ್ಟು ಒಂಟಿ ಎನಿಸಿರಲಿಲ್ಲ.

ನನಗೆ ಪರಿಹಾರ ಬೇಡ. ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು, ಅಲ್ಲಿ ನಮ್ಮವರಿದ್ದಾರೆ ಎಂದು ಹೇಳಿ ರಸ್ತೆಯನ್ನು ಪಕ್ಕಕ್ಕೆ ತಿರುಗಿಸಿ. ಕಾರ್ಖಾನೆಗೆ ಬೇರೆ ಕಾಂಪೌಂಡು ಕಟ್ಟಬಹುದು, ಸೈಟಿಗೆ ಬದಲಿ ಸೈಟು ಕೊಡಬಹುದು. ರುದ್ರಮ್ಮನ ಬಲಗಡೆ ನನಗೆಂದು ಒಂದಾಳಿನ ಜಾಗ ಬಿಟ್ಟಿದ್ದೇನೆ. ನಾನು ಸತ್ತ ದಿನ ನನ್ನನ್ನು ಹೊತ್ತು ಕೂರಿಸುವವರು ಯಾರೋ ತಿಳಿಯದು; ಎಲ್ಲಿ ಕೂರಿಸಬೇಕೆಂಬುದಾದರೂ ಗೊತ್ತಿರಲಿ.

ಇಂತಿ,
ತಮ್ಮ ನಕ್ಷೆಯಲ್ಲಿ ಇಲ್ಲದವಳ ಗಂಡ,
ಗದಿಗೆಪ್ಪ, ಲಗ್ಗೆರೆ