ಬಳೆ ಕೂಗಲಿಲ್ಲ

ರಾಣೆಬೆನ್ನೂರು, ಕ್ರಿ.ಶ. 2146, ಭಾದ್ರಪದ ಮಾಸ

ನೂರಿಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ ದಾಕ್ಷಾಯಣಿ ಮಾಡುವ ನಮಸ್ಕಾರ.

ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ಈ ಪತ್ರದಲ್ಲಿರುವ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಹೃದಯದ ಕಾಯಿಲೆಯನ್ನು ನಾವು ಬಹುಮಟ್ಟಿಗೆ ಗೆದ್ದಿದ್ದೇವೆ. ಶಾಲೆ ಸೇರುವ ಪ್ರತಿ ಮಗುವಿಗೂ ನಾಳಲಸಿಕೆ ಹಾಕುತ್ತಾರೆ. ಅದನ್ನು ಹಾಕಿಸಿಕೊಂಡವರ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದು ಅಪರೂಪ. ಲಸಿಕೆ ಬರುವ ಮೊದಲೇ ಬೆಳೆದುಬಿಟ್ಟ ನಮ್ಮಂಥವರಿಗೆ ನಾಡಿಬಳೆ ಇದೆ. ಗಂಡಸರೂ ತೊಡುತ್ತಾರೆ, ನಗಬೇಡಿ. ಎದೆಯೊಳಗೆ ಅಪಾಯ ಕಂಡರೆ ಬಳೆ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ, ಆಸ್ಪತ್ರೆಯ ಹಾರುಗಾಡಿ ಅಂಗಳಕ್ಕೇ ಬಂದು ಇಳಿಯುತ್ತದೆ. ಕಟ್ಟಿಕೊಂಡ ನಾಳವನ್ನು ತೆರೆದು ಅಲ್ಲೊಂದು ಸಣ್ಣ ಸುರುಳಿ ಇಡುತ್ತಾರೆ; ನಾಳ ವಾಸಿಯಾದಂತೆ ಅದು ತಾನೇ ಕರಗಿಹೋಗುತ್ತದೆ. ನನ್ನ ಭಾವ ಚನ್ನಬಸಪ್ಪನಿಗೆ ಹೋದ ಚಳಿಗಾಲ ಎದೆನೋವು ಬಂದಾಗ ಆದದ್ದು ಹೀಗೆಯೇ. ಮರುವಾರ ಅವನು ಕಟ್ಟೆಯ ಮೇಲೆ ಕೂತು ರೊಟ್ಟಿಗೆ ಬೆಣ್ಣೆ ಸಾಲದೆಂದು ತಕರಾರು ತೆಗೆಯುತ್ತಿದ್ದ.

ಅವನ ಹೆಂಡತಿ ನೀಲಾಂಬಿಕೆ ನನ್ನ ಅಕ್ಕ. ಊರಿನ ಹುಡುಗಿಯರಿಗೆ ಕುಸ್ತಿ ಕಲಿಸುವ ಗರಡಿ ಅವಳದು. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ಅಖಾಡ ಹದ ಮಾಡುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಗೆ ಮಣ್ಣು ಮಗುಚುತ್ತಿದ್ದವಳು ಸನಿಕೆ ಕೆಳಗಿಟ್ಟು ಗೋಡೆಗೆ ಒರಗಿದಳು.

“ದಾಕ್ಷಿ, ಬೆನ್ನಾಗ ಯಾರೋ ಕಲ್ಲು ಇಟ್ಟಂಗ ಆಗೇತಿ. ದವಡಿನೂ ಸೆಳ್ಯಾಕತ್ತೈತಿ,” ಎಂದಳು. ಮೈಯೆಲ್ಲ ತಣ್ಣನೆಯ ಬೆವರು.

ಅವಳ ಕೈಯ ನಾಡಿಬಳೆಯನ್ನು ಒತ್ತಿದೆ. ಅದು ಮೆಲುದನಿಯಲ್ಲಿ ಹೇಳಿತು: “ಅಜೀರ್ಣದ ಲಕ್ಷಣ. ಬಿಸಿನೀರು ಕುಡಿಯಿರಿ. ವಿಶ್ರಾಂತಿ ಪಡೆಯಿರಿ.”

ಬಿಸಿನೀರು ಕೊಟ್ಟೆವು. ವಾಂತಿಯಾಯಿತು. ಮತ್ತೆ ಒತ್ತಿದರೆ ಮತ್ತದೇ ಅಜೀರ್ಣ. ಓಡಿಬಂದ ಭಾವ, “ಬಳಿನ ಹೇಳೇತಲ್ಲ ಏನೂ ಆಗಿಲ್ಲಂತ. ನನಗ ಆದಾಗ ಅದು ಕೂಗಿರಲಿಲ್ಲೇನು?” ಎಂದ. ಕೆಟ್ಟವನಲ್ಲ. ಅವನ ಜೀವ ಉಳಿಸಿದ್ದು ಅಂಥದೇ ಬಳೆ, ನಂಬಿದ.

ಅಕ್ಕ ಮಧ್ಯಾಹ್ನದವರೆಗೆ ಚಾಪೆಯ ಮೇಲೆ ಹೊರಳಾಡಿದಳು. ಕೊನೆಗೆ ಅವಳೇ ಎದ್ದು ಕೂತು, “ನನ್ನ ಮೈ ನನಗ ಗೊತ್ತಿಲ್ಲೇನು? ನಡಿ ದವಾಖಾನಿಗೆ,” ಎಂದು ಗದರಿದಳು. ಬಳೆ ಕೂಗದಿದ್ದರೆ ಹಾರುಗಾಡಿ ಬರುವುದಿಲ್ಲ. ಗರಡಿಯ ಹುಡುಗಿಯರು ಎದುರಿಗೇ ಇದ್ದ, ಮಣ್ಣು ಸಾಗಿಸುವ ಕೈಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಯವರೆಗೆ ತಳ್ಳಿದರು.

ಅದು ಹೃದಯಾಘಾತವೇ ಆಗಿತ್ತು. ನಾಳ ತೆರೆದರು, ಜೀವ ಉಳಿಯಿತು. ಆದರೆ ಅಷ್ಟು ಹೊತ್ತು ರಕ್ತ ಕಾಣದ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಅದನ್ನು ಬದುಕಿಸುವ ವಿದ್ಯೆ ನಮಗೂ ಇನ್ನೂ ಬಂದಿಲ್ಲ. ಅವಳಿನ್ನು ಅಖಾಡಕ್ಕೆ ಇಳಿಯುವಂತಿಲ್ಲ. ಭಾವ ಆಸ್ಪತ್ರೆಯ ಜಗಲಿಯಲ್ಲಿ ತನ್ನ ಬಳೆ ಕಿತ್ತೊಗೆದು ಅತ್ತುಬಿಟ್ಟ.

ಬಳೆ ಯಾಕೆ ಕೂಗಲಿಲ್ಲ ಎಂದು ಅಕ್ಕನ ನಾಳ ತೆರೆದ ಡಾಕ್ಟರ್ ಫಿರ್ದೋಸ್ ಅವರನ್ನು ಕೇಳಿದೆ. ಅವರು ಹೇಳಿದರು: “ಅದಕ್ಕ ಕಲಿಸಿದ್ದು ಹಳೇ ಕಾಲದ ರೋಗಿಗಳ ದಾಖಲೆ ನೋಡಿ, ಅಮ್ಮಾ. ಅದರಾಗ ಗಂಡಸರೇ ಹೆಚ್ಚು. ಬೆನ್ನುನೋವು, ದವಡಿನೋವು ಅಂತ ಬಂದ ಹೆಣ್ಣುಮಕ್ಕಳಿಗೆ ಗ್ಯಾಸ್ ಅಂತ ಬರದು ಮನಿಗೆ ಕಳಿಸ್ಯಾರ. ಮನ್ಯಾಗ ಸತ್ತವರನ್ನ ಯಾರೂ ಬರಕೊಂಡಿಲ್ಲ. ಬಳಿ ಅದನ್ನ ನಂಬೇತಿ.”

ಹಳೇ ಕಾಲ ಎಂದರೆ ನೀವು. ನಿಮ್ಮಲ್ಲಿ ಇಸಿಜಿ ಯಂತ್ರ ಇರಲಿಲ್ಲವೆ? ರಕ್ತ ಪರೀಕ್ಷೆ ಇರಲಿಲ್ಲವೆ? ಗಂಡಸು ಎದೆ ಹಿಡಿದುಕೊಂಡರೆ ಕಾರು ಹೊರಡುತ್ತಿತ್ತು. ಹೆಂಗಸು ದವಡೆ ಹಿಡಿದುಕೊಂಡರೆ ಸೋಡಾ ಬರುತ್ತಿತ್ತು. ಹೆಚ್ಚೆಂದರೆ, ಟೆನ್ಷನ್ ಮಾಡಿಕೊಳ್ಳಬೇಡ ಎಂಬ ಬುದ್ಧಿಮಾತು. ನೀವು ಕಿವಿಗೊಡದ ಆ ಹೆಂಗಸರ ಮಾತು ನೂರು ವರ್ಷ ದಾಟಿ ಬಂದು ನನ್ನ ಅಕ್ಕನ ಎದೆಯನ್ನು ಅರ್ಧ ತಿಂದಿತು.

ನಾವು ಸುಮ್ಮನೆ ಕೂರಲಿಲ್ಲ. ಬಳೆ ತಯಾರಿಸುವವರು “ಇಂಥವು ಅಪರೂಪ” ಎಂದು ಉತ್ತರ ಕೊಟ್ಟ ದಿನ ಗರಡಿಯ ಹುಡುಗಿಯರು ಊರಿನ ಹೆಂಗಸರ ಬಳೆಗಳನ್ನೆಲ್ಲ ಒಟ್ಟುಮಾಡಿ ಅವರ ಕಚೇರಿಯ ಬಾಗಿಲಿಗೆ ಸುರಿದರು. ಅಕ್ಕ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಳು. “ನನ್ನ ಮಾತು ನಂಬಾಕ ನಿಮಗ ಇನ್ನೊಬ್ಬರ ಸಾಕ್ಷಿ ಯಾಕ ಬೇಕು?” ಎಂದು ಒಳಹೋಗುವ ಒಬ್ಬೊಬ್ಬರನ್ನೂ ಕೇಳಿದಳು. ಶ್ರಾವಣ ಮುಗಿಯುವುದರೊಳಗೆ ನಿಯಮ ಬದಲಾಯಿತು. ಈಗ ನಮ್ಮ ಜಿಲ್ಲೆಯಲ್ಲಿ ಹೆಂಗಸು ಬಾಯಿಬಿಟ್ಟು ಕರೆದರೆ ಸಾಕು, ಬಳೆ ಏನೇ ಹೇಳಲಿ, ಹಾರುಗಾಡಿ ಬರುತ್ತದೆ. ಉಳಿದ ಜಿಲ್ಲೆಗಳಲ್ಲಿ ಇನ್ನೂ ಜಗಳ ನಡೆದಿದೆ.

ಅಕ್ಕನ ವಿಷಯದಲ್ಲಿ ಹೊತ್ತು ಮೀರಿತು, ನಿಮಗೆ ಇನ್ನೂ ಮೀರಿಲ್ಲ. ಇಂದು ನಿಮ್ಮ ಮನೆಯಲ್ಲಿ ಹಿಟ್ಟು ನಾದುತ್ತಿದ್ದವಳು ತಟ್ಟನೆ ಕೂತು ಬೆವರತೊಡಗಿದರೆ, ಉಸಿರು ಸಾಲುತ್ತಿಲ್ಲ, ಬೆನ್ನು ಭಾರ ಎಂದರೆ, ಅವಳ ಮಾತನ್ನು ನಂಬಿ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ ಎಂದು ಡಾಕ್ಟರರನ್ನು ಒತ್ತಾಯಿಸಿ. ಅಡುಗೆಯೊಂದು ಮುಗಿಯಲಿ, ಆಮೇಲೆ ಹೋದರಾಯಿತು ಎಂದು ಅವಳು ಹೇಳಿಯೇ ಹೇಳುತ್ತಾಳೆ. ಅದೊಂದನ್ನು ಮಾತ್ರ ನಂಬಬೇಡಿ. ಒಲೆ ಆರಿಸಿ. ಕೈಗೆ ಹಿಟ್ಟು ಮೆತ್ತಿದ್ದರೂ ಸರಿ, ಹಾಗೇ ಕರೆದುಕೊಂಡು ಹೊರಡಿ.